ಅರ್ಧ ಪತ್ರಿಕೆ, ಪೂರ್ತಿ ಹೆದರಿಕೆ

ಪತ್ರಿಕೆ ಓದುವವರ ಮನೆಯಲ್ಲಿ ಹೆದರಿಕೆಗೆ ಎಂದೂ ಬರವಿಲ್ಲ. ಅರ್ಧ ಪತ್ರಿಕೆ ಓದುವವರ ಗತಿಯನ್ನಂತೂ ಕೇಳಲೇಬೇಡಿ.

ಯುದ್ಧದ ಕಾಲ. ಪುಣೆಯ ಶನಿವಾರ ಪೇಟೆಯ ಒಂದು ವಾಡೆಯಲ್ಲಿ ಮೇಲೆ ನಾವು ಗಂಡ ಹೆಂಡತಿ, ಕೆಳಗೆ ಪೆನ್ಶನ್ ಆದ ಹೆಡ್‌ಕ್ಲಾರ್ಕ್ ರಾಯರು ಮತ್ತು ಅವರ ಹೆಂಡತಿ ಕಾಕು. ಎರಡೂ ಮನೆ ಸೇರಿ ತರಿಸುತ್ತಿದ್ದುದು ಒಂದೇ ಕನ್ನಡ ಪತ್ರಿಕೆ. ಹೊರಗಿನ ಹಾಳೆ ರಾಯರಿಗೆ, ಒಳಗಿನದು ನಮಗೆ, ಸಂಜೆ ಆರಕ್ಕೆ ಅದಲುಬದಲು. ಇದು ರಾಯರ ಕಾಯಿದೆ. ಆರು ಹೊಡೆಯುವ ಮೊದಲು ಕೊಡುವುದೂ ಇಲ್ಲ, ಕೇಳುವುದೂ ಇಲ್ಲ. ಸುದ್ದಿಗಳೋ ಮೊದಲ ಪುಟದಲ್ಲಿ ಹುಟ್ಟಿ ಮೂರನೆಯ ಪುಟದಲ್ಲಿ ಮುಗಿಯುತ್ತಿದ್ದವು. ಹಗಲೆಲ್ಲ ರಾಯರ ಹತ್ತಿರ ತಲೆ, ನಮ್ಮ ಹತ್ತಿರ ಬಾಲ.

ನನ್ನ ಹೆಂಡತಿಗೆ ಆಗ ಏಳು ತಿಂಗಳು. ಚೊಚ್ಚಲ ಬಾಣಂತನಕ್ಕೆ ಧಾರವಾಡದ ತವರಿಗೆ ಹೋಗುತ್ತೇನೆಂದು ದಿನವೂ ಕೇಳುತ್ತಿದ್ದಳು. ಪತ್ರಿಕೆಯಲ್ಲಿ ಎಲ್ಲಾದರೊಂದು ರೈಲು ಹಳಿ ತಪ್ಪಿಯೇ ಇರುತ್ತಿತ್ತು.

"ಹಾದ್ಯಾಗ ಏನರ ಆದ್ರ?" ಎನ್ನುತ್ತಿದ್ದೆ.

"ಇಲ್ಲೇ ಏನರ ಆದ್ರ?" ಎನ್ನುತ್ತಿದ್ದಳು.

ಎರಡೂ ಮಾತಿಗೆ ಹೆದರುತ್ತಿದ್ದೆ. ಆದರೂ ಕಳಿಸಲು ಮನಸ್ಸು ಬರಲಿಲ್ಲ.

ನೀರು

ಒಂದು ಮುಂಜಾನೆ ನಮ್ಮ ಹಾಳೆ ಹೀಗೆ ಶುರುವಾಗಿತ್ತು: "ಆದ್ದರಿಂದ ಈ ನೀರನ್ನು ಕುಡಿದ ಪ್ರಾಣಿ ಬದುಕುವುದು ಕಠಿಣ."

ಯಾವ ನೀರು? ಅದು ರಾಯರ ಹಾಳೆಯಲ್ಲಿ. ಬಸುರಿ ಹೆಂಗಸು ಇರುವ ಮನೆ! ಹಂಡೆ, ಕೊಡ, ತಂಬಿಗೆ, ಎಲ್ಲವನ್ನೂ ಮೋರಿಗೆ ಸುರಿದೆ. ನಳದ ನೀರು ಅಷ್ಟೊತ್ತಿಗೆ ನಿಂತುಹೋಗಿತ್ತು.

ಸಂಜೆ ತಲೆ ಸಿಕ್ಕಿತು. ಆಫ್ರಿಕಾದ ಯಾವುದೋ ಕೆರೆಯ ಚೋದ್ಯ.

ಹೆಂಡತಿ ಖಾಲಿ ಕೊಡ ನನ್ನ ಕೈಗಿಟ್ಟಳು. "ಆಫ್ರಿಕಾದ ಕೆರಿ ಖಾಲಿ ಮಾಡಿದ್ರಿ. ಈಗ ಬಾವಿಗೆ ಹೋಗಿ ನಮ್ಮ ಕೊಡಾ ತುಂಬ್ರಿ."

ಗೊರಕೆ

ಇನ್ನೊಂದು ದಿನ ರಾಯರ ಸರದಿ. "ಗೊರಕೆ ಹೊಡೆಯುವವರಿಗೆ ಎಚ್ಚರಿಕೆ! ನಿದ್ರೆಯಲ್ಲಿ ಇವರಿಂದ ಆಗುವ ಅನಾಹುತ ಇವರಿಗೇ ತಿಳಿಯದು. ಕೊನೆಗೊಂದು ದಿನ..." ಮುಂದಿನದು ಮೂರನೆಯ ಪುಟದಲ್ಲಿ.

ರಾಯರ ಗೊರಕೆಗೆ ವಾಡೆಯ ಪಾರಿವಾಳ ಹಾರುತ್ತಿದ್ದವು. ಅಂದು ಮಧ್ಯಾಹ್ನ ಪಾಪ ಮಲಗಲೇ ಇಲ್ಲ. ಕಣ್ಣಿಗೆ ನೀರು ಹಚ್ಚಿಕೊಳ್ಳುತ್ತ ಅಂಗಳದಲ್ಲಿ ತಿರುಗಿದರು. ಕಾಯಿದೆ ಅವರದೇ, ಮುರಿಯುವುದು ಹೇಗೆ? ಆರು ಹೊಡೆದದ್ದೇ ನಮ್ಮ ಹಾಳೆ ಬಿಡಿಸಿ ಓದಿದರು: "...ಮನೆಯವರೇ ಹಾಸಿಗೆ ಎತ್ತಿ ಹೊರಗೆ ಹಾಕುವರು."

ಕಾಕು ಒಳಗಿನಿಂದಲೇ ಅಂದರು: "ಇಷ್ಟು ಹೇಳ್ಲಿಕ್ಕೆ ಪತ್ರಿಕಿ ಯಾಕ ಬೇಕಿತ್ತು? ನಾ ಮದಿವ್ಯಾದಾಗಿಂದ ಹೇಳ್ಲಿಕ್ಕತ್ತೀನಿ."

ಬಾಂಬು

ಒಂದು ಭಾನುವಾರ ರಾಯರು ಬೆವರುತ್ತ ಮೆಟ್ಟಿಲು ಹತ್ತಿ ಬಂದು ಓದಿದರು: "ಪುಣೆಯ ಮೇಲೆ ಬಾಂಬು ಬೀಳುವುದು ಖಂಡಿತ, ಹೆಂಗಸರು, ಮಕ್ಕಳು ಕೂಡಲೇ ಊರು ಬಿಡಬೇಕು..." ಮುಂದಿನದು ಮೂರನೆಯ ಪುಟದಲ್ಲಿ.

"ನಮ್ಮ ಹಾಳಿ ಎಲ್ಲೇದ?" ಎಂದೆ.

"ಬುತ್ತಿ ಗಂಟಿನ್ಯಾಗ ಅದ. ಇದು ಓದೋ ಹೊತ್ತೇನ್ರಿ?" ಎಂದಳು ಹೆಂಡತಿ. ಅದೂ ಖರೆ ಅನ್ನಿಸಿತು. ನಾನು ಹಾಸಿಗೆ ಸುತ್ತುವುದರೊಳಗೆ ಅವಳ ಟ್ರಂಕು ತಯಾರಾಗಿತ್ತು.

ರಾಯರು ಟಾಂಗಾದವನಿಗೆ, ಹೂವಿನವಳಿಗೆ, ಟಿಕೆಟ್ ಕೊಡುವವನಿಗೆ ಬಾಂಬಿನ ಸುದ್ದಿ ಹೇಳುತ್ತಲೇ ಬಂದರು. ನಾಲ್ವರಿಗೂ ಸಂಜೆ ಗಾಡಿಗೆ ಧಾರವಾಡದ ಟಿಕೆಟ್ ಆಯಿತು. ಹೆಂಗಸರನ್ನು ರೈಲಿನ ಡಬ್ಬಿಯಲ್ಲಿ ಕೂರಿಸಿದೆವು. ಅಷ್ಟರಲ್ಲಿ ಸ್ಟೇಶನ್ ಗಡಿಯಾರ ಆರು ಹೊಡೆಯಿತು. ರಾಯರು ಕಿಡಕಿಯೊಳಗೆ ಕೈ ಚಾಚಿದರು.

"ಆರಾತು. ಹಾಳಿ ಕೊಡವಾ."

ಹೆಂಡತಿ ಗಂಟಿನಿಂದ ತೆಗೆದು ಕೊಟ್ಟಳು. ರಾಯರು ಗಟ್ಟಿಯಾಗಿ ಓದಿದರು: "...ಎಂದು ಪೇಟೆಯಲ್ಲಿ ಹಬ್ಬಿದ ಸುದ್ದಿ ಶುದ್ಧ ಸುಳ್ಳು. ಇಂಥದನ್ನು ಹಬ್ಬಿಸುವವರನ್ನು ಕೂಡಲೇ ಜೇಲಿಗೆ ಹಾಕಲಾಗುವುದು."

ಹಿಂದೆ ಒಬ್ಬ ಪೊಲೀಸಿನವನು ನಿಂತಿದ್ದ. ಇಷ್ಟು ಸಾಮಾನು ಹೊತ್ತು ಎಲ್ಲಿಗೆ ಹೊರಟಿರಿ ಎಂದು ಮರಾಠಿಯಲ್ಲಿ ಕೇಳಿದ. ರಾಯರು ಹಾಳೆ ಮಡಚಿ ಕಂಕುಳಿಗೆ ಸೇರಿಸಿದರು. ನಾವು ಎಲ್ಲಿಗೂ ಹೊರಟಿಲ್ಲ, ಈ ಹುಡುಗಿ ಬಾಣಂತನಕ್ಕೆ ಹೊರಟಿದ್ದಾಳೆ, ನಮ್ಮವಳು ಜೊತೆಗೆ, ನಾವಿಬ್ಬರೂ ಕಳಿಸಲು ಬಂದವರು ಎಂದು ಅವನದೇ ಭಾಷೆಯಲ್ಲಿ ತೊದಲಿದರು. ಅವನು ಅಲ್ಲಾಡಲಿಲ್ಲ. ನನಗೆ ಹೆಂಡತಿಯನ್ನು ಇಳಿಸಿಕೊಳ್ಳುವ ಧೈರ್ಯ ಬರಲಿಲ್ಲ.

ಸಿಳ್ಳೆ ಆಯಿತು. ಕಿಡಕಿಯ ಹತ್ತಿರ ಹೋಗಿ ಪಿಸುಗುಟ್ಟಿದೆ: "ಮುಂಜಾನೇನ ಓದಿದ್ದೇನ ನೀ?"

"ಓದಿದ್ದೆ," ಎಂದಳು. "ಆರರೊಳಗ ಹಾಳಿ ಕೊಡಬಾರದು ಅಂತ ಕಾಯಿದೆ ಅದ ಅಲ್ರಿ?"

ಗಾಡಿ ಹೊರಟಿತು.