ನೂರ ಮೂವತ್ತೊಂದು ಎಲೆ

ಗಿರಿಧರನ ಅಂದಿನ ಪಾಡಿಗೆಲ್ಲ ಕಾರಣ, ಅವನು ಬರೆದ ಪ್ರೋಗ್ರಾಂ ಮೆಲ್ಲಗೆ ಹೇಳಿದ ಒಂದು "ಇಲ್ಲ". ಹೇಳಿದ್ದೇನೋ ಹೇಳಿತು, ಪಾಪ. ಕೇಳಿಸಿಕೊಳ್ಳುವ ವ್ಯವಧಾನ ಇವನಿಗಿರಲಿಲ್ಲ.

ಅಂದು ಅವನ ಮಾವ ತಿರುಮಲರಾಯರ ಎಪ್ಪತ್ತನೆಯ ವರ್ಷದ ಶಾಂತಿ. ಮದ್ರಾಸಿನ ಅಣ್ಣಾ ನಗರದ ಒಂದು ಪುಟ್ಟ ಮಂಟಪದಲ್ಲಿ ಹೋಮ, ಮಧ್ಯಾಹ್ನಕ್ಕೆ ಒಬ್ಬಟ್ಟಿನ ಊಟ. ಆ ಮನೆಯಲ್ಲಿ ಯಾವ ಸಮಾರಂಭ ಆದರೂ ಊಟದ ಲೆಕ್ಕ ಗಿರಿಧರನ ಹೆಂಡತಿ ವಾಸಂತಿಯ ಅಣ್ಣ ಸೀತಾರಾಮನ ಉದ್ದ ನೋಟ್‌ಬುಕ್ಕಿನದು. ಚಿಕ್ಕಮ್ಮ ಒಂದು ಪಟ್ಟಿ ಕೊಡುವರು, ಸೋದರತ್ತೆ ಇನ್ನೊಂದು. ಒಂದೇ ಹೆಸರು ನಾಲ್ಕು ಕಡೆ ಸೇರಿ, ಪ್ರತಿ ಸಲ ನಲವತ್ತು ಎಲೆ ಅಡುಗೆ ದಂಡವಾಗುತ್ತಿತ್ತು. ಮದುವೆಯಾಗಿ ಆರು ವರ್ಷವಾದರೂ ಮಾವನ ಮನೆಯಲ್ಲಿ ತನ್ನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂಬ ಕೊರಗು ಗಿರಿಧರನಿಗಿತ್ತು. ಹೆಸರು ಮಾಡಲು ಇದೇ ಸಮಯ ಎಂದು ಎದೆ ಮುಂದೆ ಮಾಡಿದ.

"ಮಾವ, ನಾನು ಸೆಟ್ ಅನ್ನೋದನ್ನ ಉಪಯೋಗಿಸಿ ಪ್ರೋಗ್ರಾಂ ಬರೀತೀನಿ. ಅದಕ್ಕೆ ಒಂದೇ ಹೆಸರು ಹತ್ತು ಸಲ ಸೇರಿಸಿದ್ರೂ ಒಂದೇ ಸಲ ಇಟ್ಕೊಳತ್ತೆ. ಒಂದೆಲೆ ದಂಡ ಆಗಲ್ಲ!"

ಎಲ್ಲರ ಪಟ್ಟಿಯನ್ನೂ ಅದರೊಳಗೆ ಸುರಿದ. ನೂರ ಹನ್ನೆರಡು ಎಂದಿತು ಪ್ರೋಗ್ರಾಂ. ಅಡುಗೆಯ ಅಂಬುಜಮ್ಮನಿಗೆ ಅದೇ ಲೆಕ್ಕ ಹೋಯಿತು. ಅನ್ನ ಚೆಲ್ಲುವುದೆಂದರೆ ಆ ಮಹಾತಾಯಿಗೆ ಮೈ ಉರಿಯುತ್ತಿತ್ತು. ಹೇಳಿದ್ದಕ್ಕಿಂತ ಒಂದೆಲೆ ಹೆಚ್ಚು ಮಾಡುವವರಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಗಿರಿಧರ ರೇಷ್ಮೆ ಪಂಚೆ ಉಟ್ಟು, ಫೋನು ಹಿಡಿದು, ಬಂದವರ ಹೆಸರಿಗೆ ಗುರುತು ಹಾಕಲು ಬಾಗಿಲಲ್ಲಿ ನಿಂತ. ತಿರುವೊಟ್ಟಿಯೂರಿನಿಂದ ರೈಲ್ವೆಯ ವಿಠ್ಠಲ ಬಂದರು. ಟಿ. ವಿಠ್ಠಲ, ಗುರುತು ಬಿತ್ತು. ಹಿಂದೆಯೇ ಬ್ಯಾಂಕಿನ ವಿಠ್ಠಲ ಬಂದರು. ಅವರೂ ಟಿ. ವಿಠ್ಠಲ. ಈತ ಆಗಲೇ ಬಂದಿದ್ದಾನೆ ಎಂದಿತು ಫೋನು.

"ಏನಪ್ಪಾ ಹಾಗೆ ನೋಡ್ತಿದೀಯ? ನಾನು ಬರಬಾರದಾಗಿತ್ತಾ?" ಎಂದರು ಬ್ಯಾಂಕಿನವರು.

"ಅಯ್ಯಯ್ಯೋ, ಬನ್ನಿ ಬನ್ನಿ" ಎನ್ನುವಷ್ಟರಲ್ಲಿ ಆಟೋದಿಂದ ಇನ್ಶೂರೆನ್ಸ್ ವಿಠ್ಠಲ ಇಳಿದರು. ಗಿರಿಧರನಿಗೆ ಬೆವರು ಕಿತ್ತುಕೊಂಡಿತು.

ಆ ವಂಶದ ಅಜ್ಜನ ಹೆಸರು ವಿಠ್ಠಲ. ತಿರುಪತಿಗೆ ಹರಕೆ ಹೊತ್ತು ತಿರುಮಲರಾಯರೂ ಸೇರಿ ನಾಲ್ವರು ಗಂಡುಮಕ್ಕಳಿಗೂ 'ತಿರು' ಎಂದು ಶುರುವಾಗುವ ಹೆಸರೇ ಇಟ್ಟಿದ್ದರು. ಆ ನಾಲ್ವರೂ ಪದ್ಧತಿ ಬಿಡದೆ ತಮ್ಮ ಹಿರಿಮಗನಿಗೆ ಅಜ್ಜನ ಹೆಸರು, ಹಿರಿಮಗಳಿಗೆ ಅಜ್ಜಿ ಜಯಲಕ್ಷ್ಮಿಯ ಹೆಸರು ಇಟ್ಟಿದ್ದರು. ಮದ್ರಾಸಿನಲ್ಲಿ ಮನೆತನದ ಹೆಸರಿಲ್ಲ, ಅಪ್ಪನ ಹೆಸರಿನ ಒಂದಕ್ಷರ ಮಾತ್ರ. ಅಲ್ಲಿಗೆ ನಾಲ್ಕು ಟಿ. ವಿಠ್ಠಲ, ನಾಲ್ಕು ಟಿ. ಜಯಲಕ್ಷ್ಮಿ. ಅವರ ಮಕ್ಕಳ ಕತೆಯೂ ಹೆಚ್ಚುಕಡಿಮೆ ಅದೇ.

ಕಂಪ್ಯೂಟರ್ ಓದುತ್ತಿದ್ದ ಸೀತಾರಾಮನ ಮಗಳು ಮಾನ್ಯಾ ಫೋನಿನಲ್ಲಿ ಇಣುಕಿ, ತಲೆ ಚಚ್ಚಿಕೊಂಡು, ಅರ್ಧ ತಮಿಳಿನಲ್ಲೇ ಶುರುಮಾಡಿದಳು. "ಎನ್ನ ಮಾವಾ ಇದು! ಹೆಸರು ಒಂದೇ ಇದ್ರೆ ಆಳೂ ಒಂದೇ ಅಂತ ನೀವೇ ಬರ್ದಿದೀರ. ಸೆಟ್‌ಗೆ ಆಡ್ ಪಣ್ಣಿದ್ರೆ, ಸೇರ್ತು ಇಲ್ಲಾ ಸೇರ್ಲಿಲ್ಲ ಅಂತ ಅದು ಉತ್ತರ ಹೇಳತ್ತೆ. ನೀವು ಕೇಳ್ಲೇ ಇಲ್ಲಿಯಾ?"

"ಅದೂ ನಿಮ್ಮ ವಾಸಂತಿ ಅತ್ತೆ ಥರ ಮಾತಾಡತ್ತೆ ಅಂತ ನನಗೇನಮ್ಮಾ ಗೊತ್ತು! ಈಗ ಏನ್ಮಾಡ್ಲಿ?"

"ಮನೇಲಿ ಕರೆಯೋ ಹೆಸರು ಹಾಕಿ. ಸೇರದಿದ್ರೆ ಸ್ಕ್ರೀನ್ ಮೇಲೆ ಬರೋ ಹಾಗೆ ಮಾಡ್ಕೊಡ್ತೀನಿ."

ಅವಳು ಒಂದು ಸಾಲು ತಿದ್ದಿಕೊಟ್ಟಳು. ಗಿರಿಧರ ಹಳೆಯ ಪಟ್ಟಿಯನ್ನೆಲ್ಲ ಅಳಿಸಿ, ಓಡಿಹೋಗಿ ಅತ್ತೆ ಜಲಜಾಕ್ಷಮ್ಮನವರ ಕಾಲ ಬಳಿ ಕೂತ. ಆಕೆ ಹೋಮದ ಹೂವು ಬಿಡಿಸುತ್ತಲೇ ಹೇಳುತ್ತ ಹೋದರು, ಇವನು ಹೇಳಿದ್ದನ್ನು ಹೇಳಿದಂತೆಯೇ ಒತ್ತುತ್ತ ಹೋದ. ರೈಲ್ವೆ ವಿಠ್ಠಲ. ಬ್ಯಾಂಕ್ ವಿಠ್ಠಲ. ಗುಂಡು ಜಯ. ವೀಣೆ ಜಯ. ಮಾಪಿಳ್ಳೆ. ಒಣಕಲು ವಿಠ್ಠಲ. ಅಳಿಯಂದಿರ ಹೆಸರನ್ನು ಆಕೆ ಬಾಯಲ್ಲಿ ಹೇಳುವವರಲ್ಲ. ಆ ಮನೆಯಲ್ಲಿ ಅಳಿಯನೆಂದರೆ ತಮಿಳಿನ 'ಮಾಪಿಳ್ಳೆ', ಅಷ್ಟೇ. ನಡುವೆ ಒಂದೇ ಒಂದು ಸಲ ಫೋನು 'ಸೇರಲಿಲ್ಲ, ಆಗಲೇ ಇದೆ' ಎಂದು ಕೆಂಪಗಾಯಿತು.

"ಅತ್ತೆ, ಇದು ಆಗಲೇ ಬಂದಿದೆ."

"ಬಂದಿದೆಯಾ? ಸರಿ, ಮುಂದೆ ಹಾಕ್ಕೊಳಿ ಮಾಪಿಳ್ಳೆ."

ಕೊನೆಗೂ ಪ್ರೋಗ್ರಾಂ ಮಾಡಬೇಕಾದ ಕೆಲಸ ಮಾಡಿತಲ್ಲ ಎಂದು ಗಿರಿಧರನಿಗೆ ಖುಷಿಯಾಯಿತು. ಲೆಕ್ಕ ನೂರ ಮೂವತ್ತೊಂದಕ್ಕೆ ನಿಂತಿತು. ಅಂದರೆ ಹತ್ತೊಂಬತ್ತು ಎಲೆ ಕಡಿಮೆ. ಖುಷಿ ಅಲ್ಲೇ ಇಂಗಿಹೋಯಿತು.

ಅಡುಗೆಮನೆಯಲ್ಲಿ ಅಂಬುಜಮ್ಮ ಸೌಟು ಹಿಡಿದೇ ತಿರುಗಿದರು. "ಹತ್ತೊಂಬತ್ತಾ? ಹೂರಣ ರುಬ್ಬಿ ಉಂಡೆ ಕಟ್ಟಿ ಆಯ್ತು! ರಾತ್ರಿಯೆಲ್ಲ ನಿದ್ದೆ ಮಾಡ್ತಿದ್ರಾ?"

"ನಿಮ್ಮ ಕಾಲಿಗೆ ಬೀಳ್ತೀನಿ ಅಂಬುಜಮ್ಮ. ಯಾರಾದ್ರೂ ಎಲೆ ಇಲ್ಲದೆ ಎದ್ದು ಹೋದ್ರೆ ಈ ಮನೆ ಮೆಟ್ಟಿಲು ಹತ್ತೋ ಮುಖ ನನಗಿರಲ್ಲ."

"ಕಾಲಿಗೆ ಬೀಳೋದು ಆಮೇಲೆ. ತುರಿಮಣೆ ಅಲ್ಲಿದೆ, ಕಾಯಿ ಅಲ್ಲಿದೆ. ಕೂತ್ಕೊಳಿ."

ಬಾಗಿಲಲ್ಲಿ ಸೀತಾರಾಮ ನೋಟ್‌ಬುಕ್ಕು ಕಂಕುಳಲ್ಲಿಟ್ಟು ನಿಂತಿದ್ದ. "ಕಾಯಿ ತುರಿಯೋದಕ್ಕೆ ಪ್ರೋಗ್ರಾಂ ಇಲ್ಲವೇನಯ್ಯಾ ಗಿರಿಧರ?" ಎಂದು ಕೇಳಿ ಹೋದ.

ಎರಡೂವರೆ ತಾಸು ಗಿರಿಧರ ಕಾಯಿ ತುರಿದ, ಬೇಳೆ ಬಸಿದ, ಹಿಟ್ಟು ನಾದಿದ. ಕೋಯಂಬೇಡಿನ ಮಾರ್ಕೆಟ್ಟಿಗೆ ಓಡಿ ಬಾಳೆಎಲೆ ಹೊತ್ತು ತಂದ. ರೇಷ್ಮೆ ಪಂಚೆಗೆ ಅರಿಶಿನವೂ ಬೆಲ್ಲವೂ ಮೆತ್ತಿ, ನೋಡಿದವರು ಅಡುಗೆಯವನೆಂದೇ ತಿಳಿದು ನೀರು ಕೇಳಿದರು. ಕೊಟ್ಟ. ಅಂಬುಜಮ್ಮ ಸರಿಯಾಗಿ ನೂರ ಮೂವತ್ತೊಂದು ಎಲೆ ಎಣಿಸಿ ಕಟ್ಟಿಟ್ಟರು.

ಪಂಕ್ತಿಗಳು ಕೂತವು, ಎದ್ದವು. ನಾಲ್ವರು ವಿಠ್ಠಲರೂ ಅಕ್ಕಪಕ್ಕ ಕೂತು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡರು. ಒಬ್ಬರಿಗೂ ಎಲೆ ತಪ್ಪಲಿಲ್ಲ, ಒಂದೆಲೆಯೂ ಉಳಿಯಲಿಲ್ಲ. ತಿರುಮಲರಾಯರು, "ಈ ಸಲ ಒಂದಗುಳೂ ದಂಡವಾಗಲಿಲ್ಲ ನೋಡು!" ಎಂದು ಹೆಂಡತಿಗೆ ಹೇಳಿದ್ದು ಕಿವಿಗೆ ಬಿದ್ದಾಗ ಗಿರಿಧರನ ಎದೆಯ ಮೇಲಿನ ಚಪ್ಪಡಿ ಜಾರಿತು. ಅಬ್ಬ, ಮಾನ ಉಳಿಯಿತು! ಕೈಕಾಲು ತೊಳೆದು, ಹೊಟ್ಟೆ ತಾಳ ಹಾಕುತ್ತಿದ್ದುದರಿಂದ ಬೇಗ ಬೇಗ ಬಂದು ಖಾಲಿ ಪಂಕ್ತಿಯಲ್ಲಿ ಕೂತ.

"ಏನು?" ಎಂದರು ಅಂಬುಜಮ್ಮ.

"ಊಟಕ್ಕೆ. ನನ್ನೆಲೆ."

"ಎಲೆ ಮುಗೀತು. ನೂರ ಮೂವತ್ತೊಂದೂ ಹೋಯ್ತು. ನಿಮ್ಮ ಪಟ್ಟೀನೇ ನೋಡ್ಕೊಳಿ."

ಗಿರಿಧರ ಫೋನು ತೆಗೆದು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದ. ಗಿರಿಧರ ಎಂಬ ಹೆಸರು ಇರಲಿಲ್ಲ. "ಇಲ್ಲಿದೆ! ಮಾಪಿಳ್ಳೆ!" ಎಂದು ಕೂಗಿದ.

"ಮಾಪಿಳ್ಳೆ ಮೊದಲನೇ ಪಂಕ್ತಿಯಲ್ಲೇ ಕೂತು ಉಂಡರಲ್ಲ. ಒಬ್ಬಟ್ಟು ಕೇಳಿ ಕೇಳಿ ಹಾಕಿಸ್ಕೊಂಡರು."

ಕಿಟಕಿಯಾಚೆ ಬೆಸೆಂಟ್ ನಗರದ ದೊಡ್ಡಳಿಯ ಪ್ರತಾಪ್ ಕೈ ತೊಳೆದು ಸುಖವಾಗಿ ತೇಗುತ್ತಿದ್ದ. ಬೆಳಿಗ್ಗೆ ಕೆಂಪಗಾಗಿದ್ದ ಆ ಒಂದು ಸಾಲು ಗಿರಿಧರನಿಗೆ ಆಗ ನೆನಪಾಯಿತು. ಈ ಸಲ ಅದು ಸ್ಪಷ್ಟವಾಗಿಯೇ ಹೇಳಿತ್ತು. ಸೇರದೆ ಉಳಿದವನು ತಾನೇ ಎಂದು ಹೊಳೆದಿರಲಿಲ್ಲ.

ಅಂಬುಜಮ್ಮನಿಗೆ ಕರುಳು ಚುರ್ ಎಂದಿರಬೇಕು. ತಮಗೆಂದು ಎತ್ತಿಟ್ಟಿದ್ದ ಮೊಸರನ್ನದಲ್ಲಿ ಅರ್ಧವನ್ನು ತಟ್ಟೆಗೆ ಹಾಕಿ ಮುಂದಿಟ್ಟರು. ಪಕ್ಕದಲ್ಲಿ ಸೀತಾರಾಮ ಬಂದು ಕೂತು ನೋಟ್‌ಬುಕ್ಕು ಬಿಚ್ಚಿದ.

"ನೋಡಯ್ಯಾ, ನನ್ನ ಪುಸ್ತಕದಲ್ಲಿ ನಿನ್ನ ಹೆಸರು ಮೂರು ಕಡೆ ಇದೆ. ಇದನ್ನೇ ನಂಬಿದ್ದಿದ್ರೆ ನಿನಗೆ ಮೂರೆಲೆ ಸಿಗ್ತಿತ್ತು."

ಗಿರಿಧರ ತಟ್ಟೆ ಎಳೆದುಕೊಂಡ. ಹಸಿವಿಗೆ ಮೊಸರನ್ನ ಅಮೃತದ ಹಾಗಿತ್ತು, ಎಲ್ಲರೂ ಉಂಡಾಗಿತ್ತು, ಇನ್ನೇನು ಬೇಕು ಎಂದುಕೊಂಡ. ಅಷ್ಟರಲ್ಲಿ ಹೊರಗಿನಿಂದ ಅತ್ತೆಯ ಧ್ವನಿ ಕೇಳಿಸಿತು.

"ಮಾಪಿಳ್ಳೆ! ಇಷ್ಟೆಲ್ಲ ಓಡಾಡಿದ್ದೀರಿ, ಬನ್ನಿ, ತಾಂಬೂಲದ ಜೊತೆ ಧೋತರ ತಗೊಳಿ!"

ಇವನು ಎಂಜಲು ಕೈಯಲ್ಲೇ ದಡಬಡಿಸಿ ಏಳುವಷ್ಟರಲ್ಲಿ, ಕಿಟಕಿಯ ಹತ್ತಿರದಿಂದ ಪ್ರತಾಪನ ಧ್ವನಿ ಬಂತು.

"ಬಂದೆ ಅತ್ತೆ!"