ನೈರೋಬಿಯ ಪ್ಲಾಸ್ಟಿಕ್ ಸಿಂಹ

ನನಗೆ ಮೋಸ ಮಾಡುವುದು ಸುಲಭವಲ್ಲ. ಜರ್ಮನಿಯವರು ಕಂಪ್ಯೂಟರ್ ಕೆಲಸಕ್ಕೆ ತಮ್ಮ ಗ್ರೀನ್ ಕಾರ್ಡ್ ಕೊಟ್ಟು ಕರೆದಾಗಲೂ, ಇವರು ಬೇರೆ ಯಾರನ್ನೋ ಕರೆಯಲು ಹೋಗಿ ನನ್ನನ್ನು ಕರೆದಿದ್ದಾರೆಂದು ಸಂಶಯಪಟ್ಟವನು ನಾನು. ಅಲ್ಲಿನ ಸಿಂಡೆಲ್‌ಫಿಂಗೆನ್ ಊರಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ ಆ ಸಂಶಯ ಪೂರ್ತಿ ಹೋಗಿರಲಿಲ್ಲ.

ಅಂಥವನಿಗೆ ನನ್ನ ಹೆಂಡತಿ ಸುಜಾತಾ ಒಂದು ಸಂಜೆ ಹೇಳಿದಳು:

"ರೀ, ನೈರೋಬಿ ಊರ ಮಗ್ಗಲಕ್ಕ ಸಿಂಹ ಅದಾವಂತ. ಈ ಸೂಟಿಗೆ ಅಲ್ಲೇ ಹೋಗೋಣು."

"ರಾಜಧಾನ್ಯಾಗ ಸಿಂಹ ಬಿಟ್ಟಿರತಾರೇನ? ಎಲ್ಲಾ ಬೊಗಳೆ!"

"ಟಿಕೆಟ್ ತಗೊಂಡೇನ್ರಿ."

ಹೋದೆವು! ಸಫಾರಿ ವ್ಯಾನಿನಲ್ಲಿ ನಮ್ಮ ಜೊತೆ ಜರ್ಮನಿಯವರೇ ಆದ ವಯಸ್ಸಾದ ವೆಬರ್ ದಂಪತಿ ಇದ್ದರು. ಹುಲ್ಲುಗಾವಲಿನಲ್ಲಿ ಜಿರಾಫೆ, ಅದರ ಬೆನ್ನ ಹಿಂದೆಯೇ ಬಹುಮಹಡಿ ಆಫೀಸುಗಳು! ನನ್ನ ಸಂಶಯ ಬಲವಾಯಿತು.

ಡ್ರೈವರ್ ಕಮಾವು ಮರದ ಕೆಳಗೆ ಬೆರಳು ತೋರಿಸಿ "ಲಯನ್" ಎಂದು ಪಿಸುಗುಟ್ಟಿದ. ಮಲಗಿದ್ದ ಸಿಂಹ ಬಾಲವಾಡಿಸಲಿಲ್ಲ, ಕಿವಿಯನ್ನೂ ಆಡಿಸಲಿಲ್ಲ. ನಾನು ವೈಜ್ಞಾನಿಕ ತನಿಖೆಗೆ ಇಳಿದೆ. ತೆರೆದ ಛಾವಣಿಯಿಂದ ಸೊಂಟದವರೆಗೆ ಹೊರಬಂದು ಚಪ್ಪಾಳೆ ತಟ್ಟಿದೆ. ಸಿಳ್ಳೆ ಹಾಕಿದೆ. ಉಹುಂ!

"ಹೆರ್ ವೆಬರ್, ಲೋವೆ ಪ್ಲಾಸ್ಟಿಕ್!" ಎಂದು, ಸಿಂಹ ಪ್ಲಾಸ್ಟಿಕ್ಕಿನದೆಂದು ನನ್ನ ಜರ್ಮನ್ನಿನಲ್ಲಿ ತೀರ್ಪಿತ್ತೆ.

"ಸರ್, ಪ್ಲೀಸ್ ಸಿಟ್ ಡೌನ್," ಎಂದ ಕಮಾವು. ಗುಟ್ಟು ಬಯಲಾಗುವ ಭಯ ಇವನಿಗೆ!

ಸುಜಾತಾ ನನ್ನ ಪ್ಯಾಂಟು ಜಗ್ಗಿದಳು. "ರೀ, ಹಿಂದ..."

"ತಡೀ! ಇವರ ಬಂಡವಾಳ ಹೊರಗ ಹಾಕತೇನಿ!"

ಆಗ ಬೆನ್ನ ಹಿಂದೆ ಯಾರೋ ಸೀನಿದಂತಾಯಿತು. ತಿರುಗಿದೆ. ಬಂಪರಿನ ಪಕ್ಕದಲ್ಲಿ ನಿಂತ ಹೆಣ್ಣುಸಿಂಹ ನನ್ನನ್ನೇ ನೋಡುತ್ತಿತ್ತು. ಅದರ ಮುಖದಲ್ಲೂ ಸಂಶಯವಿತ್ತು!

ಮುಂದೆ ನಾನು ವ್ಯಾನಿನೊಳಗೆ ಹೇಗೆ ಇಳಿದೆನೋ ದೇವರೇ ಬಲ್ಲ. ತಲೆ ಸೀಟಿನಡಿ ಸಿಕ್ಕಿಕೊಂಡಿತು, ಕಾಲು ಮೇಲಾದವು. ನನ್ನನ್ನು ಎಳೆಯಲು ಯಾರಿಗೂ ಧೈರ್ಯವಿರಲಿಲ್ಲ. ಅಷ್ಟರಲ್ಲಿ ಪ್ಲಾಸ್ಟಿಕ್ ಸಿಂಹವೂ ಎದ್ದು ಬಂದು ವ್ಯಾನಿನ ನೆರಳಿನಲ್ಲಿ ತನ್ನ ಹೆಂಡತಿಯ ಪಕ್ಕ ಮಲಗಿತಂತೆ. ಅವೆರಡೂ ನಿದ್ದೆ ಮುಗಿಸಿ ಹೋಗುವವರೆಗೆ ನಾನು ಅದೇ ಭಂಗಿಯಲ್ಲಿ ವಿರಾಜಮಾನನಾಗಿದ್ದೆ.

ಜರ್ಮನಿಗೆ ಮರಳಿದ ಮೇಲೆ ವೆಬರ್ ದಂಪತಿ ಪ್ರವಾಸದ ಸ್ಲೈಡು ನೋಡಲು ಮನೆಗೆ ಕರೆದರು. ನೆರೆಯವರೂ ಕೇಕು ತಿನ್ನುತ್ತ ಕುಳಿತಿದ್ದರು. ಬಿಳಿ ಗೋಡೆಯ ಮೇಲೆ ಜಿರಾಫೆ ಬಂತು, ಜೀಬ್ರಾ ಬಂತು. ಆಮೇಲೆ ಗೋಡೆ ತುಂಬ ನನ್ನ ಹಿಂಭಾಗ ಬಂತು. ಮೇಲೆ ಎರಡು ಕಾಲು!

ಒಬ್ಬ ಅಜ್ಜಿ ಕನ್ನಡಕ ಸರಿಮಾಡಿಕೊಂಡು ಗಂಭೀರವಾಗಿ ಕೇಳಿದರು:

"ಇದು ಯಾವ ಪ್ರಾಣಿ?"

ಆಗಷ್ಟೇ ಜರ್ಮನ್ ಕಲಿಯುತ್ತಿದ್ದ ಸುಜಾತಾ, ಒಂದೂ ತಪ್ಪಿಲ್ಲದೆ ಉತ್ತರಿಸಿದಳು:

"ನಮ್ಮ ಯಜಮಾನರು."