ಅಣ್ಣ ಅಂದರೆ ಇಪ್ಪತ್ತೆಂಟು

ಭಾನುವಾರ ಬೆಳಿಗ್ಗೆ ನಮ್ಮ ಯಜಮಾನರು ಹೊಸ ಯಂತ್ರವನ್ನು ಊಟದ ಮೇಜಿನ ಮೇಲಿಟ್ಟು, ಕುಂಕುಮ ಇಡು ಎಂದರು. ಒಂದು ಕ್ಯಾಮೆರಾ, ಒಂದು ಜೊತೆ ಬೂಟು, ಬೂಟಿನಡಿ ಮೋಟಾರು. ಹೋದ ತಿಂಗಳ ಯಂತ್ರ ನನ್ನ ಮಿಕ್ಸಿಯನ್ನು ಸುಟ್ಟು ಹಾಕಿತ್ತು. ಆದರೂ ಇಟ್ಟೆ.

ಬೀದಿಯಲ್ಲಿ ಫೋಟೋ ತೆಗೆಯುವವರಿಗೆ ಯಾವ ಲೆನ್ಸ್ ಎನ್ನುವುದೇ ತಲೆನೋವಂತೆ. ಇಪ್ಪತ್ತೆಂಟು ಮಿಲಿಮೀಟರ್ ಆದರೆ ಮುಖದ ಹತ್ತಿರಕ್ಕೇ ಹೋಗಬೇಕು, ಐವತ್ತಾದರೆ ನಾಲ್ಕು ಹೆಜ್ಜೆ ಈಚೆ, ಇನ್ನೂರಾದರೆ ರಸ್ತೆಯ ಆಚೆ. ಈ ಯಂತ್ರ ನಾವು ಎದುರಿನವರನ್ನು ಏನೆಂದು ಕರೆಯುತ್ತೇವೋ ಕೇಳಿಸಿಕೊಂಡು, ನಮ್ಮವರಾದರೆ ಇಪ್ಪತ್ತೆಂಟು, ಬೇರೆಯವರಾದರೆ ಇನ್ನೂರು ಎಂದು ತಾನೇ ತೀರ್ಮಾನಿಸುತ್ತದೆ. ಅಷ್ಟು ದೂರಕ್ಕೆ ಬೂಟು ನಡೆಸಿಕೊಂಡು ಹೋಗುತ್ತದೆ.

ನಗು ಬಂತು, ನಗಲಿಲ್ಲ. ಮಾವನವರು ಹಾಸಿಗೆ ಹಿಡಿದಾಗ ಇವರು ಅವರದೊಂದು ಫೋಟೋ ತೆಗೆಯಲು ಮೂವತ್ತೈದೋ ಐವತ್ತೋ ಎಂದು ಮೂರು ವಾರ ಯೋಚಿಸಿದ್ದರು. ಮಾವ ಕಾಯಲಿಲ್ಲ. ತಿಥಿಯ ದಿನ ನಮ್ಮ ಭಾವ, ಅಂದರೆ ಇವರ ಅಣ್ಣ, ಎಲ್ಲರೆದುರು ಕೇಳಿಬಿಟ್ಟರು: "ಊರೋರ ಮುಖ ಎಲ್ಲಾ ತೆಗ್ದೆ, ಅಪ್ಪನ ಮುಖಕ್ಕೆ ನಿಂಗೆ ಲೆನ್ಸ್ ಸಿಗ್ಲಿಲ್ವಾ?"

ಒಂಬತ್ತು ವರ್ಷದಿಂದ ಮಾತಿಲ್ಲ. ಇವರ ಬಾಯಲ್ಲಿ ಭಾವ 'ಆ ಮನುಷ್ಯ' ಆಗಿಹೋದರು. ಈಗ ಗುರುವಾರ ಭಾವನಿಗೆ ಎದೆಯ ಆಪರೇಷನ್. ಯಂತ್ರ ಯಾರಿಗೋಸ್ಕರ ಎಂದು ಇವರು ಹೇಳಲಿಲ್ಲ, ನಾನೂ ಕೆದಕಲಿಲ್ಲ. ಬೂಟು ಹಾಕಿಕೊಂಡು, ಭಾವನ ವೀಳ್ಯದೆಲೆ ಅಂಗಡಿ ಇರುವ ಮಾರ್ಕೆಟ್ಟಿಗೇ ಪರೀಕ್ಷೆಗೆ ಹೊರಟರು, ನಾನೂ ಜೊತೆಗೆ ಹೋದೆ.

ಬಾಳೆಹಣ್ಣಿನವನಿಗೆ ಇವರು "ಅಣ್ಣ, ಹಂಗೇ ಇರಿ" ಎಂದರು. ಲೆನ್ಸ್ ಇಪ್ಪತ್ತೆಂಟಕ್ಕೆ ತಿರುಗಿತು, ಬೂಟು ನಡೆಯಿತು, ಕ್ಯಾಮೆರಾ ಅವನ ಮೀಸೆಗೆ ತಾಗಿತು. ಮೈಸೂರಿನಲ್ಲಿ ಕಂಡವರನ್ನೆಲ್ಲ ಅಣ್ಣ ಎನ್ನುತ್ತೇವೆ ಎಂಬುದು ಯಂತ್ರ ಮಾಡುವಾಗ ಈ ಪುಣ್ಯಾತ್ಮರಿಗೆ ಹೊಳೆದೇ ಇರಲಿಲ್ಲ. ಹೂವಿನ ಮುದುಕಿಯನ್ನು ಅಜ್ಜಿ ಎಂದರು, ಸೇವಂತಿಗೆ ಬುಟ್ಟಿಯೊಳಗೆ ತಲೆ ಹೋಯಿತು. ಆಕೆ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಜಗಳ ಬಿಡಿಸಲು ಬಂದ ಪೊಲೀಸರನ್ನು ಸಾರ್ ಎಂದರು, ಬೂಟು ಹಿಂದಕ್ಕೆ ಓಡಿ ಬೆಲ್ಲದ ಅಚ್ಚುಗಳ ಮೇಲೆ ಕೂರಿಸಿತು.

ಅಲ್ಲಿಂದ ಎದ್ದರೆ ಎದುರಿಗೇ ವೀಳ್ಯದೆಲೆ ಅಂಗಡಿ. ಭಾವ ಅರ್ಧಕ್ಕರ್ಧ ಇಳಿದುಹೋಗಿದ್ದರು.

"ಆ ಮನುಷ್ಯ ಎಷ್ಟು ಸೊರಗಿದಾರೆ ನೋಡೇ," ಎಂದು ಇವರು ನನ್ನ ಕಿವಿಯಲ್ಲಿ ಹೇಳಿದರು.

ಯಂತ್ರಕ್ಕೂ ಕೇಳಿಸಿತು. ಲೆನ್ಸ್ ಇನ್ನೂರನ್ನೂ ದಾಟಿ ಗಿರಗಿರ ತಿರುಗಿತು. ಬೂಟು ಇವರನ್ನು ಬೆನ್ನು ಮುಂದಾಗಿ ಎಳೆದುಕೊಂಡು ಬಸ್ಸುಗಳು ಓಡಾಡುವ ರಸ್ತೆಯ ಕಡೆಗೇ ಹೊರಟಿತು. ಅಂಗಿ ಹಿಡಿದುಕೊಂಡೆ, ಅಂಗಿ ಹರಿಯಿತು. ನೋಡುತ್ತೇನೆ, ಭಾವ ಎದೆಯ ಮೇಲೆ ಕೈ ಒತ್ತಿಕೊಂಡು ಓಡಿ ಬರುತ್ತಿದ್ದಾರೆ. ನಾಲ್ಕು ಮೆಟ್ಟಿಲೂ ಹತ್ತಕೂಡದು ಎಂದು ಡಾಕ್ಟರು ಹೇಳಿದ್ದ ಜೀವ ಅದು.

ಇವರೂ ನೋಡಿದರು. "ಅಣ್ಣಾ, ಓಡ್ಬೇಡ! ನಿಂತ್ಕೋ ಅಣ್ಣಾ!"

ಬೂಟು ಗಕ್ಕನೆ ನಿಂತಿತು. ಆಮೇಲೆ ಬಂದ ದಾರಿಯನ್ನೆಲ್ಲ ಹಿಂದಿರುಗಿ ನಡೆದು, ಭಾವನ ಮುಖಕ್ಕೆ ಒಂದು ಗೇಣು ಬಿಟ್ಟು ನಿಂತು ಫೋಟೋ ತೆಗೆಯಿತು. ಇಬ್ಬರಿಗೂ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಅಂದಿನಿಂದ ಬೂಟು ಭಾವನ ಬೆನ್ನು ಬಿಡಲಿಲ್ಲ. ಅವರು ಅಂಗಡಿಗೆ ಹೋದರೆ ಅಂಗಡಿಗೆ, ಆಸ್ಪತ್ರೆಗೆ ಹೋದರೆ ಆಸ್ಪತ್ರೆಗೆ. ಬಕಲ್ ಸಿಕ್ಕಿಕೊಂಡಿದೆ, ಬಿಚ್ಚಲಾಗುತ್ತಿಲ್ಲ ಎಂದು ಇವರು ನರ್ಸಿಗೆ ಹೇಳಿದರು. ದಿನಾ ಸ್ನಾನ ಹೇಗೆ ಮಾಡುತ್ತಿದ್ದೀರಿ ಎಂದು ನಾನು ಕೇಳಲಿಲ್ಲ.

ಆಪರೇಷನ್ ಸುಸೂತ್ರವಾಗಿ ಆಯಿತು. ವಾರ್ಡಿಗೆ ಬಂದ ಮೇಲೆ ಭಾವ ಫೋಟೋ ತೋರಿಸು ಎಂದರು. ಇಪ್ಪತ್ತೆಂಟರಲ್ಲಿ ಅಷ್ಟು ಹತ್ತಿರದಿಂದ ತೆಗೆದರೆ ಇನ್ನೇನಾಗುತ್ತದೆ? ಮುಖದ ತುಂಬ ಮೂಗೇ. ಭಾವ ಬಹಳ ಹೊತ್ತು ನೋಡಿ ಕಣ್ಣೊರೆಸಿಕೊಂಡರು.

"ಥೇಟ್ ಅಪ್ಪನ ಮೂಗು ಕಣೋ, ತಮ್ಮಾ."

ಇವರೂ ಅತ್ತರು. ಮಾವನವರ ಮೂಗು ಅಷ್ಟು ದಪ್ಪ ಇರಲಿಲ್ಲ. ನಾನು ಸುಮ್ಮನೆ ಮೂಸಂಬಿ ಸುಲಿದೆ.